ಅವಳ ಸ್ವೆಟರಿನ ಪೆಪ್ಪರ್‌ಮಿಂಟು

ನವೆಂಬರ್ ೧೯, ಬುಧವಾರ

ಮೊಣಕಾಲು ಹಿಡಿದುಕೊಂಡಿದೆ. ಅಟ್ಟದಿಂದ ಟ್ರಂಕು ಇಳಿಸಲು ಹೋಗಿದ್ದೇ ತಪ್ಪು. ಆದರೆ ಚಳಿ ಶುರುವಾದ ದಿನ ಸ್ವೆಟರುಗಳನ್ನು ತಾರಸಿಯ ಬಿಸಿಲಿಗೆ ಹರವದೆ ಇದ್ದರೆ ನಮ್ಮ ಮನೆಗೆ ಚಳಿಗಾಲ ಬಂದ ಲೆಕ್ಕವೇ ಅಲ್ಲ. ಮಗಳು ರಜೆ ಹಾಕಿ ಬಂದಿದ್ದಳು.

ಚಳಿ ಮುಗಿದು ಸ್ವೆಟರು ಒಳಗಿಡುವಾಗ ಒಬ್ಬೊಬ್ಬರ ಜೇಬಿಗೂ ಒಂದೊಂದು ಪೆಪ್ಪರ್‌ಮಿಂಟು ಹಾಕಿಡುವುದು ನನ್ನವಳು ಶುರುಮಾಡಿದ ಪದ್ಧತಿ. ಮುಂದಿನ ಚಳಿಗೆ ಕೈ ಹಾಕಿದರೆ ಸಿಗಬೇಕು. ಅವಳ ಜೇಬಿಗೆ ಹಾಕುವುದು ಮಾತ್ರ ನನ್ನ ಡ್ಯೂಟಿ. ಮೂವತ್ತು ವರ್ಷ ಮರೆತೆ. ಪ್ರತಿ ಸಲವೂ ಖಾಲಿ ಜೇಬನ್ನು ಹೊರಗೆಳೆದು, "ನೋಡೇ, ನಿಮ್ಮಪ್ಪನ ಪ್ರೀತಿ!" ಎಂದು ಮಗಳಿಗೆ ತೋರಿಸಿ ನಗುತ್ತಿದ್ದಳು.

ಇವತ್ತು ಅಮ್ಮನ ಸ್ವೆಟರಿನ ಜೇಬಿಗೆ ಕೈ ಹಾಕಿ ತೆಗೆದ ಮಗಳು ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಪೆಪ್ಪರ್‌ಮಿಂಟು.

"ಪಾಪ, ಅಮ್ಮ ತಾನೇ ಹಾಕಿಕೊಂಡಿದ್ದಾಳೆ."

"ನಾನು ಕಣೇ ಹಾಕಿದ್ದು. ಈ ಫೆಬ್ರವರಿಯಲ್ಲಿ."

"ನೀನಾ? ಹೋಗಪ್ಪ, ಬುರುಡೆ ಬಿಡಬೇಡ."

ಬೆನಿಫಿಟ್ ಆಫ್ ದಿ ಡೌಟ್ ಅಂತ ಏನೋ ಇದೆಯಲ್ಲ, ಅದನ್ನೂ ಕೊಡಲಿಲ್ಲ. ನಂಬಬೇಕಾದವಳು ಜೂನಿನಲ್ಲೇ ತೀರಿಹೋದಳು. ಹಾಕಿದ ದಿನವೇ ಅವಳಿಗೆ ಹೇಳಿಬಿಡಬಹುದಿತ್ತು. ಸರ್‌ಪ್ರೈಸ್ ಇರಲಿ ಅಂತ ಬಾಯಿ ಬಿಗಿಹಿಡಿದುಕೊಂಡು ಕೂತೆ.

ಮಗಳು ಹೊರಟ ಮೇಲೆ ಆ ಪೆಪ್ಪರ್‌ಮಿಂಟನ್ನು ಮತ್ತೆ ಅವಳಮ್ಮನ ಜೇಬಿಗೇ ಹಾಕಿದೆ. ಸ್ವೆಟರು ಎದುರಿನ ಕುರ್ಚಿಯ ಮೇಲಿದೆ, ಬಿಸಿಲಿನ ವಾಸನೆ ಇನ್ನೂ ಹೋಗಿಲ್ಲ. ನಾಳೆ ಅದನ್ನು ಮಡಿಸಿ ಟ್ರಂಕಿಗೆ... ಬೇಡ, ಇಲ್ಲೇ ಇರಲಿ. ಕಾಲು ಬೇರೆ ನೋಯುತ್ತಿದೆ.