ಅಮ್ಮ ವಾಪಸ್ ಬರುವ ಪುಟ

ಸಂಜೆ ಆರೂವರೆಗೆ ಕೊರಿಯರಿನವನು ಬಾಗಿಲು ಬಡಿದ ಸದ್ದಿಗೆ, ಆಗಷ್ಟೇ ಕಣ್ಣು ಹತ್ತಿದ್ದ ನಾನೂ ಪಾಪುವೂ ಬೆಚ್ಚಿ ಎದ್ದೆವು. ಹಾಸ್ಟೆಲಿನಲ್ಲಿ ನೀನೂ ನಾನೂ ಸೇರಿ ಬರೆದ ಕಾದಂಬರಿಯ ಕರಡಚ್ಚು ಬಂದಿತ್ತು.

“ಗಗನನೌಕೆ ಕತೆ ಈಗ ಯಾರ್ ಓದ್ತಾರೆ ಕಣೇ? ಎಲ್ರಿಗೂ ಡ್ರ್ಯಾಗನ್ ಬೇಕು” ಎಂದು ಈಗ ಅದರ ಸಂಪಾದಕಿಯೂ ಆದ ನೀನು ಹೇಳಿದಾಗ ನಕ್ಕು ಒಪ್ಪಿದ್ದೆ. ನೌಕೆ ಹಾರಿಸುತ್ತಿದ್ದ ತಾಯಿ ಡ್ರ್ಯಾಗನ್ ಏರಲಿ, ನನಗೇನು? ಆದರೆ ಈ ಕರಡಚ್ಚಿನ ಕೊನೆಯ ಪುಟದಲ್ಲಿ ಅವಳು ಮಗಳ ಬಳಿಗೆ ಮರಳುವುದೇ ಇಲ್ಲ. ಅಂಚಿನಲ್ಲಿ ನಿನ್ನದೇ ಅಕ್ಷರ: “ವಾಪಸ್ ಬಂದ್ರೆ ಈಗಿನವ್ರಿಗೆ ಸಪ್ಪೆ.”

ನಮ್ಮಮ್ಮ ಆಸ್ಪತ್ರೆಯಿಂದ ಬಾರದ ವರ್ಷ, ಹಾಸ್ಟೆಲಿನ ಮಂಚದ ಮೇಲೆ ಪಕ್ಕದಲ್ಲೇ ಕೂತು ಅವಳು ವಾಪಸ್ ಬರುವ ಪುಟವನ್ನು ನನ್ನಿಂದ ಬರೆಸಿದವಳು ನೀನೇ ಅಲ್ಲವೇ?

ಬೆಳಿಗ್ಗೆ ಅಚ್ಚಿಗೆ ಹೋಗುತ್ತದಂತೆ. ಈ ಪತ್ರ ಕಳಿಸಿದರೂ ಅಷ್ಟರಲ್ಲಿ ತಲುಪದು. ನಾನು ಫೋನ್ ಮಾಡಿದರೆ ನೀನು ಎತ್ತುತ್ತಿಲ್ಲ. ಬೆಳಗಾಗುವ ಮುಂಚೆ ನೀನೇ ಒಂದು ಸಲ ಮಾಡೇ. ಎಷ್ಟೊತ್ತಾದರೂ ಸರಿ, ನಾನು ಎಚ್ಚರವಾಗೇ ಇರುತ್ತೇನೆ.