ಉಪ್ಪಿನಕಾಯಿಗೆ ಹಾಕಿದ ನುಗ್ಗೆಬೇರು

೨೦-೨-೧೯೬೧, ಸೋಮವಾರ. ಎಕ್ಕಂಬಿ.

ಸಿಟ್ಟು ಇನ್ನೂ ಇಳಿದಿಲ್ಲ. ಇಂದು ಬಸುರಿ ಅತ್ತಿಗೆಯ ಕುಬಸ. ಸಾಸಿವೆ ಸಾಲದೆ ದೊಡ್ಡವ್ವ ಅದೇ ಘಾಟು ಬರಲೆಂದು ನುಗ್ಗೆಬೇರು ಜಜ್ಜಿ ಉಪ್ಪಿನಕಾಯಿಗೆ ಹಾಕಿದ್ದನ್ನು ಬೆಳಿಗ್ಗೆಯೇ ಕಂಡಿದ್ದೆ. ಬಸುರಿ ಆ ಬೇರು ತಿಂದರೆ ಗರ್ಭ ಇಳಿಯುತ್ತದೆಂದು ಊರಿಗೆಲ್ಲ ಗೊತ್ತು. ಆದರೆ ಕುಬಸದ ಊಟದಲ್ಲಿ ಹಿರಿಯರು ಬಡಿಸಿದ್ದನ್ನು ಬಸುರಿ ಬೇಡವೆನ್ನಬಾರದಂತೆ! ದೊಡ್ಡವ್ವ ಬಡಿಸಿದ ಆ ಉಪ್ಪಿನಕಾಯಿಯನ್ನು ಅತ್ತಿಗೆ ಬಾಯಿಗಿಡುವುದರಲ್ಲಿದ್ದಳು.

"ವೈನೀ, ತಿನಬ್ಯಾಡ್ರಿ! ಅದರಾಗ ನುಗ್ಗಿಬೇರೈತಿ!" ಎಂದು ಪಂಕ್ತಿಯಲ್ಲೇ ಕೂಗಿದೆ. ಅತ್ತಿಗೆ ಕೈ ಕೆಳಗಿಳಿಸಿದಳು.

"ಸಾಲಿ ಬಿಟ್ಟಾಕಿ ನನಗ ಪಾಠ ಹೇಳಾಕ ಬಂದಾಳ ನೋಡ್ರಿ!" ಎಂದಳು ದೊಡ್ಡವ್ವ. ಹೆಂಗಸರೆಲ್ಲ ನಕ್ಕರು.

ನಾಳೆ ದೊಡ್ಡವ್ವನ ಕಾಲು ಹಿಡಿಯಬೇಕಂತೆ. ನಾನು ಹಿಡಿಯುವುದಿಲ್ಲ. "ಮಂದಿ ಮುಂದ ಯಾಕ ಒದರಿದಿ? ನನ್ನ ಕಿವ್ಯಾಗ ಹೇಳಿದ್ರ ಆಗ್ತಿರಲಿಲ್ಲೇನ?" ಎನ್ನುತ್ತಾಳೆ ಅವ್ವ.

ಬೆಳಿಗ್ಗೆ ಅವಳ ಕಿವಿಯಲ್ಲೇ ಹೇಳಿದ್ದೆ. ಸುಮ್ಮನಿರು ಅಂದವಳು ಅವಳೇ.