ಹುಟ್ಟು ಪುಕ್ಕಲಿಯ ದೋಣಿ

ಅಮ್ಮಾ,

ರಾತ್ರಿ ಎರಡೂವರೆಗೆ ಸೂರಿನ ಮೇಲೆ ತೆಂಗಿನಕಾಯಿ ಬಿದ್ದ ಸದ್ದಿಗೆ ಎಚ್ಚರವಾಯಿತು. ಮಗು ಏಳಲಿಲ್ಲ. "ಎಳೆಗೂಸು ಕಟ್ಕೊಂಡು ಆ ದ್ವೀಪಕ್ಕೆ ಹೋದ್ರೆ ನನ್ನ ಮಾತಾಡಿಸ್ಬೇಡ" ಅಂದಿದ್ದೆಯಲ್ಲ, ಬಂದೇಬಿಟ್ಟೆ.

ನಿನ್ನೆ ಹಗಲು ಮಗುವನ್ನು ಇವರ ಕೈಗೆ ಕೊಟ್ಟು, ಒಬ್ಬಳೇ ಪುಟ್ಟ ದೋಣಿಯಲ್ಲಿ ದ್ವೀಪ ಸುತ್ತಿದೆ. ಹೊರಡುವಾಗ ದೋಣಿ ಕಲಿಸುವವನು ದಡದಿಂದ ಕೂಗಿದ: "ಏನಾದ್ರೂ ಹುಟ್ಟು ಮಾತ್ರ ಬಿಡ್ಬೇಡಿ ಅಕ್ಕಾ!"

ನೀನು ನನ್ನನ್ನು 'ಹುಟ್ಟು ಪುಕ್ಕಲಿ' ಎನ್ನುತ್ತಿದ್ದದ್ದು ನೆನಪಾಗಿ ನಗು ಬಂತು. "ಅದನ್ನ ಬಿಡೋಕೇ ಬಂದಿರೋದು ಕಣಪ್ಪಾ" ಎಂದೆ. ಪಾಪ, ಗಾಬರಿಯಿಂದ ಬಟ್ಟೆಸಮೇತ ನೀರಿಗೆ ಹಾರಿದ!

ಇದನ್ನು ನಿನಗೆ ಕಳಿಸುವುದಿಲ್ಲ. ನಿನ್ನಷ್ಟೇ ಹಠ ನನಗೂ ಇದೆ. ಬೆಳಿಗ್ಗೆ ಇನ್ನೂ ದೂರ, ಹವಳದ ದಿಬ್ಬದವರೆಗೆ ಹೋಗುತ್ತೇನೆ. ನೀನು ಬೇಡವೆಂದರೂ ಹೋಗುತ್ತೇನೆ. ಆದರೆ ಬೇಡ ಅನ್ನುವುದಕ್ಕಾದರೂ, ಬೆಳಗಾಗುವುದರೊಳಗೆ ಒಂದು ಫೋನ್ ಮಾಡಮ್ಮಾ.